ಪ್ರವಾಸಿ ವಾಹನದ ಚಾವಣಿ: ಸೋರುವುದು ತಗಡಲ್ಲ, ಸಂದು

ಕಲಬುರಗಿಯ ರೋಜಾ ಪ್ರದೇಶದಲ್ಲಿರುವ ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿಗೆ ದೂರದ ಊರುಗಳಿಂದ ಬರುವ ಮಿನಿ ಬಸ್ಸು, ಟೆಂಪೊ ಮತ್ತು ಕ್ರೂಸರ್‌ಗಳನ್ನು ನೀವು ನೋಡಿರಬಹುದು. ಶರಣಬಸವೇಶ್ವರರ ಜಾತ್ರೆಗೆ ಬರುವ ವಾಹನಗಳೂ ಇಂಥವೇ. ಚಾವಣಿಯ ಮೇಲೆ ಕ್ಯಾರಿಯರ್, ಅದರಲ್ಲಿ ಹಾಸಿಗೆ ಸುರುಳಿ, ಅಡುಗೆ ಪಾತ್ರೆ, ನೀರಿನ ಡ್ರಮ್ಮು. ಎರಡು ಮೂರು ದಿನಗಳ ಮಟ್ಟಿಗೆ ಆ ವಾಹನವೇ ಕುಟುಂಬದ ಮನೆ. ಪಾಶ್ಚಾತ್ಯ ದೇಶಗಳಲ್ಲಿ ಕ್ಯಾರವಾನ್ ಎಂದು ಕರೆಯುವ ಸಂಚಾರಿ ಮನೆಗಳು ನಮ್ಮಲ್ಲಿ ಇನ್ನೂ ಕಡಿಮೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ಪ್ರಕಟಿಸಿದ ಮೇಲೆ ದಕ್ಷಿಣ ಭಾರತದಲ್ಲಿ ಈ ಹೆಸರು ಹೆಚ್ಚು ಪರಿಚಿತವಾಯಿತು. ಆದರೆ ವಾಹನದಲ್ಲಿ ಉಂಡು ಮಲಗುವ ಯಾತ್ರೆ ನಮಗೆ ಹೊಸದಲ್ಲ.

ಇಂಥ ವಾಹನದ ಎಂಜಿನ್, ಬ್ರೇಕ್ ಮತ್ತು ಟಯರುಗಳನ್ನು ಮಾಲೀಕರು ಆಗಾಗ ನೋಡಿಸುತ್ತಾರೆ. ಯಾರೂ ಹತ್ತಿ ನೋಡದ ಭಾಗವೆಂದರೆ ಚಾವಣಿ. ಒಳಗೆ ನೀರು ತೊಟ್ಟಿಕ್ಕಿದಾಗಲೇ ಅದರ ನೆನಪಾಗುತ್ತದೆ. ಆ ಹೊತ್ತಿಗೆ ಒಳಪದರದ ಪ್ಲೈವುಡ್ ಕೊಳೆತಿರುತ್ತದೆ, ಉಕ್ಕಿನ ಚೌಕಟ್ಟಿಗೆ ತುಕ್ಕು ಹಿಡಿದಿರುತ್ತದೆ, ಕೆಲವೊಮ್ಮೆ ದೀಪದ ತಂತಿಗಳ ನಿರೋಧಕ ಹೊದಿಕೆಯೂ ಹಾಳಾಗಿರುತ್ತದೆ. ಚಾವಣಿ ಏಕೆ ಸೋರುತ್ತದೆ, ನೀರು ಯಾವ ದಾರಿಯಿಂದ ಬರುತ್ತದೆ, ತಡೆಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಪ್ರೌಢಶಾಲೆಯಲ್ಲಿ ನೀವು ಕಲಿತ ಭೌತವಿಜ್ಞಾನವೇ ಬಹುಪಾಲು ಉತ್ತರ ಕೊಡುತ್ತದೆ.

ನಿಂತ ಚಾವಣಿ, ಓಡುವ ಚಾವಣಿ

ನಮ್ಮ ಭಾಗದ ಮನೆಗಳ ಚಾವಣಿಯನ್ನು ಮೊದಲು ನೋಡೋಣ. ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ದಪ್ಪ ಪದರ, ಅನಂತರದ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಹಾಸು, ಈಗ ಕಾಂಕ್ರೀಟು. ಮೂರೂ ಭಾರವಾದವು, ದಪ್ಪನಾದವು, ನಿಂತಲ್ಲೇ ನಿಂತಿರುವಂಥವು. ದಪ್ಪವಿರುವುದರಿಂದ ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ.

ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇನ್ನೊಂದು ಉದಾಹರಣೆ. ಸಾಮಾನ್ಯವಾಗಿ ಮಸೀದಿಗಳಲ್ಲಿರುವ ತೆರೆದ ಅಂಗಳ ಇಲ್ಲಿಲ್ಲ; ಇಡೀ ಕಟ್ಟಡಕ್ಕೆ ಚಾವಣಿಯಿದೆ. ಗುಮ್ಮಟದ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲದೆ ಜಾರುತ್ತದೆ. ಜಾರಿದ ನೀರು ಸೇರುವುದು ಗುಮ್ಮಟ ಗುಮ್ಮಟಗಳ ನಡುವಿನ ತಗ್ಗಿಗೆ. ಆದ್ದರಿಂದ ಇಂಥ ಚಾವಣಿಯಲ್ಲಿ ನೋಡಿಕೊಳ್ಳಬೇಕಾದದ್ದು ಗುಮ್ಮಟಕ್ಕಿಂತ ಹೆಚ್ಚಾಗಿ ಆ ತಗ್ಗನ್ನು, ಎರಡು ಮೈಗಳು ಕೂಡುವ ಜಾಗವನ್ನು.

ವಾಹನದ ಚಾವಣಿಗೂ ಇದೇ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ. ಅಲ್ಲಿನ ತಗಡು ಒಂದು ಮಿಲಿಮೀಟರ್‌ನಷ್ಟೇ ತೆಳ್ಳಗಿರುತ್ತದೆ. ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ, ಮಳೆಗೆ ಅಷ್ಟೇ ಬೇಗ ತಣಿಯುತ್ತದೆ. ಸಾಲದ್ದಕ್ಕೆ ಗುಂಡಿ ಬಿದ್ದ ರಸ್ತೆಯಲ್ಲಿ ದಿನವಿಡೀ ಅದುರುತ್ತದೆ. ಅಖಂಡವಾಗಿರುವ ತಗಡಿನ ನಡುಭಾಗದಲ್ಲಿ ತೂತು ಬೀಳುವುದು ಅಪರೂಪ. ಸೋರಿಕೆ ಆರಂಭವಾಗುವುದು ತಗಡಿಗೆ ತಗಡು ಕೂಡುವ ಸಂದಿನಲ್ಲಿ, ಕ್ಯಾರಿಯರ್ ಕಾಲಿನ ಬೋಲ್ಟಿನ ಬಳಿ, ಗಾಳಿಕಿಂಡಿಯ ಅಂಚಿನಲ್ಲಿ, ಎ.ಸಿ. ಯಂತ್ರ ಕೂರಿಸಿದ ಕಡೆ. ಎಂಟು ಕಾಲುಗಳ ಒಂದು ಕ್ಯಾರಿಯರಿಗೆ ಕಾಲಿಗೆ ನಾಲ್ಕರಂತೆ ಬೋಲ್ಟು ಹಾಕಿದರೆ ಚಾವಣಿಗೆ 32 ತೂತು ಕೊರೆದಂತಾಯಿತು. ಅಷ್ಟೂ ಕಡೆ ನೀರನ್ನು ತಡೆಯುತ್ತಿರುವುದು ಒಂದು ವಾಷರ್ ಮತ್ತು ಒಂದಿಷ್ಟು ಅಂಟು ಮಾತ್ರ.

ಚಾವಣಿ ಎಷ್ಟು ಕಾಯುತ್ತದೆ?

ಕಲಬುರಗಿಯ ಅಕ್ಷಾಂಶ ಸುಮಾರು 17.3 ಡಿಗ್ರಿ ಉತ್ತರ. ಮೇ 9ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಹಾಗೆಯೇ ಆಗುತ್ತದೆ. ಆದರೆ ಆಗ ಮೋಡಗಳ ನೆರಳು ಇರುವುದುಂಟು. ಉರುಸು ಚಾಂದ್ರಮಾನ ಪಂಚಾಂಗದ ಜುಲ್‌ಖಾದಾ ತಿಂಗಳಿನಲ್ಲಿ ನಡೆಯುವುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. 2024 ಮತ್ತು 2025ರಲ್ಲಿ ಅದು ಮೇ ತಿಂಗಳಿನಲ್ಲೇ, ಎಂದರೆ ಸೂರ್ಯ ನೆತ್ತಿಯ ಮೇಲಿರುವ ದಿನಗಳಲ್ಲೇ ಬಂದಿತ್ತು.

ಇಂಥ ಮಧ್ಯಾಹ್ನ ಮಟ್ಟಸವಾದ ಒಂದು ಚದರ ಮೀಟರ್ ಮೇಲ್ಮೈಯ ಮೇಲೆ ಬೀಳುವ ಸೌರಶಕ್ತಿ ಸುಮಾರು 1000 ವಾಟ್. 5 ಮೀಟರ್ ಉದ್ದ, 2 ಮೀಟರ್ ಅಗಲದ ಚಾವಣಿಗೆ ಒಟ್ಟು 10,000 ವಾಟ್. ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ! ಇದರಲ್ಲಿ ಎಷ್ಟು ಪಾಲು ತಗಡಿನೊಳಕ್ಕೆ ಸೇರುತ್ತದೆ ಎಂಬುದನ್ನು ಬಣ್ಣ ನಿರ್ಧರಿಸುತ್ತದೆ. ಕಪ್ಪು ಅಥವಾ ಕಡುನೀಲಿ ಬಣ್ಣ ಸುಮಾರು ಶೇಕಡ 90ರಷ್ಟನ್ನು ಹೀರಿದರೆ, ಹೊಸ ಬಿಳಿ ಬಣ್ಣ ಹೀರುವುದು ಶೇಕಡ 25ರಷ್ಟು ಮಾತ್ರ.

ಹೀರಿದ ಶಾಖವನ್ನು ತಗಡು ಗಾಳಿಗೂ ಆಕಾಶಕ್ಕೂ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾದಾಗ ಚದರ ಮೀಟರಿಗೆ ಸುಮಾರು 20 ವಾಟ್ ಬಿಟ್ಟುಕೊಡುತ್ತದೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ಗಾಳಿಯ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಇರಲಿ. ಕಪ್ಪು ಚಾವಣಿ ಹೀರುವ 900 ವಾಟನ್ನು 20ರಿಂದ ಭಾಗಿಸಿದರೆ 45. ಎಂದರೆ ಅದು 42 + 45 = 87 ಡಿಗ್ರಿಯವರೆಗೆ ಕಾಯಬಲ್ಲುದು. ಬಿಳಿ ಚಾವಣಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 54 ಡಿಗ್ರಿ. ಧೂಳು ಕೂತು ಮಾಸಿದ ಬಿಳಿ ಬಣ್ಣ ಶೇಕಡ 45ರಷ್ಟನ್ನು ಹೀರಿದರೆ ಸುಮಾರು 64 ಡಿಗ್ರಿ. ಬರೀ ನೀರಿನಿಂದ ಚಾವಣಿ ತೊಳೆದರೆ 10 ಡಿಗ್ರಿ ಉಳಿಸಬಹುದು ಎಂದು ಇದರಿಂದ ತಿಳಿಯುತ್ತದೆ.

ಬಣ್ಣ ಹಚ್ಚದೆ ಹೊಳೆಯುವ ಅಲ್ಯುಮಿನಿಯಂ ತಗಡು ಬಿಳಿಯದಕ್ಕಿಂತ ತಣ್ಣಗಿರಬಹುದಲ್ಲವೆ ಎಂದು ನೀವು ಕೇಳಬಹುದು. ಹೊಳೆಯುವ ಲೋಹ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ನಿಜ. ಆದರೆ ತಾನು ಹೀರಿದ ಶಾಖವನ್ನು ವಿಕಿರಣವಾಗಿ ಹೊರಚೆಲ್ಲುವುದರಲ್ಲಿ ಅದು ತೀರ ದುರ್ಬಲ. ಬಿಳಿ ಬಣ್ಣ ಈ ಎರಡೂ ಕೆಲಸಗಳನ್ನು ಚೆನ್ನಾಗಿ ಮಾಡುತ್ತದೆ. ಆದ್ದರಿಂದಲೇ ಚಾವಣಿಗೆ ಬಿಳಿ ಬಣ್ಣ ಶ್ರೇಷ್ಠ.

ದಿನಕ್ಕೊಮ್ಮೆ ಹಿಗ್ಗಿ, ದಿನಕ್ಕೊಮ್ಮೆ ಕುಗ್ಗಿ

ಕಾದ ಲೋಹ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ ಮೀಟರಿನ ಹತ್ತು ಲಕ್ಷದಲ್ಲಿ 12 ಭಾಗದಷ್ಟು, ಅಲ್ಯುಮಿನಿಯಂ 23 ಭಾಗದಷ್ಟು ಹಿಗ್ಗುತ್ತವೆ. ಅಂಕಿ ಚಿಕ್ಕದೆನಿಸಬಹುದು. ರಾತ್ರಿ 25 ಡಿಗ್ರಿಯಲ್ಲಿದ್ದ 5 ಮೀಟರ್ ಉದ್ದದ ತಗಡು ಮಧ್ಯಾಹ್ನ 75 ಡಿಗ್ರಿಗೆ ಕಾದರೆ ಉಕ್ಕಿನದು 3 ಮಿ.ಮೀ. ಬೆಳೆಯುತ್ತದೆ, ಅಲ್ಯುಮಿನಿಯಮ್ಮಿನದು ಸುಮಾರು 5.7 ಮಿ.ಮೀ. ಬೆಳೆಯುತ್ತದೆ. ಕೆಳಗಿನ ಉಕ್ಕಿನ ಚೌಕಟ್ಟು ಒಳಪದರದ ನೆರಳಿನಲ್ಲಿ ಅಷ್ಟು ಕಾಯುವುದಿಲ್ಲ, ಆದ್ದರಿಂದ ಅಷ್ಟು ಬೆಳೆಯುವುದೂ ಇಲ್ಲ. ಈ ವ್ಯತ್ಯಾಸದ ಎಳೆದಾಟವನ್ನೆಲ್ಲ ರಿವೆಟ್ಟು, ಬೋಲ್ಟು ಮತ್ತು ಸಂದಿನ ಅಂಟು ಹೊರಬೇಕು. ಇದು ದಿನವೂ ನಡೆಯುತ್ತದೆ. ವರ್ಷಕ್ಕೆ 365 ಸಲ.

ಅಂಟು ಗಟ್ಟಿಯಾಗಿದ್ದರೆ ಸಾಲದು, ಎಳೆದಷ್ಟು ಹಿಗ್ಗಬೇಕು ಎಂಬುದು ಇದರಿಂದ ಸ್ಪಷ್ಟ. ಗ್ಯಾರೇಜುಗಳಲ್ಲಿ ಹಲವರು ಸೋರುವ ಸಂದಿಗೆ ಎಪಾಕ್ಸಿ ಪುಟ್ಟಿ ಮೆತ್ತುತ್ತಾರೆ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೊದಲ ವಾರ ಒಂದು ತೊಟ್ಟೂ ಸೋರುವುದಿಲ್ಲ. ಆಮೇಲೆ ತಗಡು ಹಿಗ್ಗಿ ಕುಗ್ಗಿ ಪುಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣದ ಆ ಬಿರುಕು ಹಳೆಯ ಸಂದಿಗಿಂತ ಹೆಚ್ಚು ನೀರೆಳೆಯುತ್ತದೆ. ಏಕೆಂದು ಮುಂದೆ ನೋಡೋಣ.

ನೀರು ಬರುವ ಮೂರು ದಾರಿಗಳು

ನೀರು ಇಳಿಜಾರಿನತ್ತ ಹರಿಯುತ್ತದೆ ಎಂಬುದಷ್ಟೇ ತಿಳಿದಿದ್ದರೆ ಸೋರಿಕೆಯ ಮೂಲ ಸಿಗುವುದಿಲ್ಲ. ಸಂದಿನೊಳಕ್ಕೆ ನೀರನ್ನು ಸೆಳೆಯುವ ಬಲಗಳು ಬೇರೆಯೂ ಇವೆ.

ಮೊದಲನೆಯದು ಲೋಮನಾಳ ಕ್ರಿಯೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದು ಇದರಿಂದಲೇ. ಎರಡು ತಗಡುಗಳ ನಡುವೆ 2 ಮಿ.ಮೀ. ಸಂದು ಇದ್ದರೆ ಮೇಲ್ಮೈ ಎಳೆತ ನೀರನ್ನು ಸುಮಾರು 7 ಮಿ.ಮೀ. ಮೇಲಕ್ಕೆ ಎಳೆಯಬಲ್ಲುದು. ಸಂದು 0.2 ಮಿ.ಮೀ. ಆದರೆ 7 ಸೆಂಟಿಮೀಟರ್! ಸಂದು ಹತ್ತು ಪಟ್ಟು ಕಿರಿದಾದರೆ ಏರಿಕೆ ಹತ್ತು ಪಟ್ಟು ಹೆಚ್ಚು. ಒಂದರ ಮೇಲೊಂದು ಹೊದಿಸಿದ ತಗಡಿನ ಅಂಚಿನಲ್ಲಿ ನೀರು ಹತ್ತಿ ಹೋಗುವುದು ಹೀಗೆ. ಮನೆಯ ಸಜ್ಜದ ಕೆಳ ಅಂಚಿನಲ್ಲಿ ಮೇಸ್ತ್ರಿ ಒಂದು ಸಣ್ಣ ಗೀರು ಬಿಡುತ್ತಾನಲ್ಲ, ಅದು ತಳಕ್ಕೆ ಅಂಟಿಕೊಂಡು ಗೋಡೆಯತ್ತ ಹರಿಯುವ ನೀರನ್ನು ಅಲ್ಲೇ ಕೆಳಕ್ಕೆ ಬೀಳಿಸಲು. ವಾಹನದ ಚಾವಣಿಯ ಅಂಚಿಗೂ ಅಂಥದೊಂದು ಮಡಿಕೆ ಇರುತ್ತದೆ. ಅದನ್ನು ಪುಟ್ಟಿಯಿಂದ ತುಂಬಿಸಿಬಿಟ್ಟರೆ ನೀರು ತಡೆಯಿಲ್ಲದೆ ಕಿಟಕಿಯತ್ತ ಬರುತ್ತದೆ.

ಎರಡನೆಯದು ಗಾಳಿಯ ಒತ್ತಡ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಮಳೆಗೆ ಎದುರಾಗಿ ಹೋಗುತ್ತಿದ್ದೀರಿ ಎನ್ನಿ. ಎದುರು ಗಾಳಿ ತಡೆದು ನಿಲ್ಲುವ ಜಾಗದಲ್ಲಿ ಹೆಚ್ಚುವರಿ ಒತ್ತಡ ಸುಮಾರು 280 ಪ್ಯಾಸ್ಕಲ್, 28 ಮಿ.ಮೀ. ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಲೋಮನಾಳ ಕ್ರಿಯೆ ಸಂದನ್ನು ತುಂಬಿಸುತ್ತದೆಯೇ ಹೊರತು ತಾನಾಗಿ ನೀರನ್ನು ಇನ್ನೊಂದು ತುದಿಯಿಂದ ಹೊರಚೆಲ್ಲದು. ಆ ಕೆಲಸವನ್ನು ಈ ಒತ್ತಡ ಮಾಡುತ್ತದೆ. ನಿಂತಾಗ ಸೋರದ ವಾಹನ ಓಡುವಾಗ ಸೋರುವ ಗುಟ್ಟು ಇದು.

ಮೂರನೆಯದನ್ನು ಬಹಳ ಜನ ಊಹಿಸುವುದಿಲ್ಲ. ಚಾವಣಿಯ ತಗಡಿಗೂ ಒಳಪದರಕ್ಕೂ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಬೇಸಿಗೆಯ ಸಂಜೆ ದಿಢೀರನೆ ಮಳೆ ಬಂದಾಗ 70 ಡಿಗ್ರಿಯಲ್ಲಿದ್ದ ಆ ಗಾಳಿ 30 ಡಿಗ್ರಿಗೆ ಇಳಿಯುತ್ತದೆ. ಅದು ಪೂರ್ತಿ ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಒತ್ತಡ ಶೇಕಡ 12ರಷ್ಟು ಕುಸಿಯುತ್ತಿತ್ತು. ನಿಜವಾದ ಚಾವಣಿ ಅಷ್ಟು ಭದ್ರವಾಗಿ ಮುಚ್ಚಿರುವುದಿಲ್ಲ. ಆದರೂ ಒತ್ತಡ ಶೇಕಡ 1ರಷ್ಟು ಕುಸಿದರೂ ಅದು 10 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಹೊರಗಿನ ಗಾಳಿ ಒಳಬರಲು ಹವಣಿಸುವ ಸಂದಿನ ಮೇಲೆ ಆಗ ನೀರು ನಿಂತಿರುತ್ತದೆ. ಗಾಳಿಯ ಬದಲು ನೀರೇ ಒಳಕ್ಕೆ ಹೀರಲ್ಪಡುತ್ತದೆ. ಕಾದ ಚಾವಣಿಯ ಮೇಲೆ ಬೀಳುವ ಮೊದಲ ಮಳೆಯೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇದು ಕಾರಣ.

ಒಳಬಂದ ನೀರು ಅಲ್ಲೇ ತೊಟ್ಟಿಕ್ಕುವುದಿಲ್ಲ. ಚೌಕಟ್ಟಿನ ಅಡ್ಡಪಟ್ಟಿಯ ಗುಂಟ ಹರಿದು, ತಂತಿಯ ಗುಂಟ ಇಳಿದು, ಎರಡು ಮೂರು ಮೀಟರ್ ಆಚೆ ದೀಪದ ತೂತಿನಲ್ಲೋ ಕಿಟಕಿಯ ಮೇಲೋ ಕಾಣಿಸಿಕೊಳ್ಳುತ್ತದೆ. ತೊಟ್ಟಿಕ್ಕುವ ಜಾಗಕ್ಕೆ ಒಳಗಿನಿಂದ ಅಂಟು ಹಚ್ಚುವುದು ಎಲ್ಲಕ್ಕಿಂತ ಕೆಟ್ಟ ರಿಪೇರಿ. ನೀರು ಬರುವುದು ನಿಲ್ಲುವುದಿಲ್ಲ, ಹೊರಹೋಗುವುದು ಮಾತ್ರ ನಿಲ್ಲುತ್ತದೆ. ಒಳಪದರದಲ್ಲಿ ನಿಂತ ನೀರು ಕಣ್ಣಿಗೆ ಕಾಣದೆ ಚೌಕಟ್ಟನ್ನು ತಿನ್ನುತ್ತ ಹೋಗುತ್ತದೆ.

ಸೋರಿಕೆಯಲ್ಲದ ಸೋರಿಕೆ

ಡಿಸೆಂಬರಿನ ಒಂದು ರಾತ್ರಿ. ಆಕಾಶ ನಿರ್ಮಲ, ಮಳೆಯ ಸುಳಿವಿಲ್ಲ. ವಾಹನದ ಕಿಟಕಿಗಳನ್ನೆಲ್ಲ ಮುಚ್ಚಿ ಆರು ಜನ ಮಲಗಿದ್ದಾರೆ. ಬೆಳಗಿನ ಜಾವ ಮುಖದ ಮೇಲೆ ನೀರು ತೊಟ್ಟಿಕ್ಕುತ್ತದೆ. ಇದು ಎಲ್ಲಿಂದ ಬಂತು?

ಮಲಗಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬರುತ್ತದೆ. ಆರು ಜನ, ಎಂಟು ಗಂಟೆ: ಹತ್ತಿರ ಹತ್ತಿರ 2 ಲೀಟರ್ ನೀರು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. ವಾಹನದೊಳಗೆ 15 ಘನ ಮೀಟರ್ ಗಾಳಿಯಿದ್ದರೆ ಸುಮಾರು 260 ಗ್ರಾಂ. ಉಳಿದದ್ದು ಎಲ್ಲಿಗೆ ಹೋಗಬೇಕು? ನಿರ್ಮಲ ರಾತ್ರಿಯಲ್ಲಿ ಚಾವಣಿ ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣವಾಗಿ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಆವಿ ಅದರ ಒಳಮೈಗೆ ತಾಗಿ ಹನಿಯಾಗುತ್ತದೆ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂರುವ ಕ್ರಿಯೆಯೇ ಇದು.

ಇದಕ್ಕೆ ಮದ್ದು ಅಂಟು ಅಲ್ಲ, ಗಾಳಿ. ಎದುರುಬದುರಾದ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ತೆರೆದಿಡಿ, ಚಾವಣಿಯ ಗಾಳಿಕಿಂಡಿಯನ್ನು ಮುಚ್ಚಬೇಡಿ. ಒಂದು ಕಿಲೋಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 1.6 ಕಿಲೋಗ್ರಾಂ ನೀರಾವಿ ಹುಟ್ಟುತ್ತದೆ. ಆದ್ದರಿಂದ ಒಲೆ ಹಚ್ಚುವುದು ವಾಹನದ ಹೊರಗೇ ಇರಲಿ. ಮುಚ್ಚಿದ ವಾಹನದಲ್ಲಿ ಒಲೆ ಅಥವಾ ಇದ್ದಿಲಿನ ಅಗ್ಗಿಷ್ಟಿಕೆ ಉರಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಮಲಗಿದವರ ಪ್ರಾಣವೇ ಹೋಗಬಹುದು. ಸೋರಿಕೆಯೆಂದು ಭ್ರಮಿಸಿ ಗಾಳಿಕಿಂಡಿಯನ್ನು ಶಾಶ್ವತವಾಗಿ ಮುಚ್ಚಿಸುವವರು ಇದನ್ನು ನೆನಪಿಡಬೇಕು. ಮಳೆ ಬಂದಾಗ ಮಾತ್ರ ತೊಟ್ಟಿಕ್ಕಿದರೆ ಸೋರಿಕೆ. ಜನ ಮಲಗಿದ ಚಳಿರಾತ್ರಿಯಲ್ಲಿ ಮಾತ್ರ ತೊಟ್ಟಿಕ್ಕಿದರೆ ಇಬ್ಬನಿ.

ಲೋಹಗಳ ಜಗಳ

ನೀರು ಒಳಬಂದ ಮೇಲೆ ತುಕ್ಕಿನ ಕೆಲಸ ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಸಂದಿನೊಳಗೆ ಹುಟ್ಟಿದ ತುಕ್ಕು ಬೆಣೆಯಂತೆ ತಗಡುಗಳನ್ನು ಅಗಲಿಸುತ್ತದೆ. ಬಣ್ಣದ ಕೆಳಗೆ ಗುಳ್ಳೆ ಎದ್ದಂತೆ ಕಾಣುವುದು ಇದರಿಂದಲೇ.

ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ ನಡುವೆ ನೀರು ಸೇರಿದರೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಉಕ್ಕು ಮತ್ತು ಅಲ್ಯುಮಿನಿಯಂ ಜೋಡಿಯಲ್ಲಿ ಸವೆಯುವುದು ಅಲ್ಯುಮಿನಿಯಂ. ದೊಡ್ಡ ಉಕ್ಕಿನ ತಗಡಿಗೆ ಸಣ್ಣ ಅಲ್ಯುಮಿನಿಯಂ ರಿವೆಟ್ಟು ಹೊಡೆದರೆ ಸವೆತವೆಲ್ಲ ಆ ರಿವೆಟ್ಟಿನ ಮೇಲೇ ಬಂದು ಅದು ಬೇಗ ಸಡಿಲವಾಗುತ್ತದೆ. ಬೋಲ್ಟಿಗೂ ತಗಡಿಗೂ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇದ್ದರೆ ನೀರಿಗೂ ತಡೆ, ವಿದ್ಯುತ್ತಿಗೂ ತಡೆ. ಸತುವಿನ ಲೇಪವಿರುವ ತಗಡಿಗೆ ತೂತು ಕೊರೆದಾಗ ತೂತಿನ ಅಂಚಿನಲ್ಲಿ ಬರಿಯ ಉಕ್ಕು ತೆರೆದುಕೊಳ್ಳುತ್ತದೆ. ಅಲ್ಲಿ ಸತು ಬೆರೆತ ಪ್ರೈಮರ್ ಹಚ್ಚಿದ ಮೇಲೆಯೇ ಬೋಲ್ಟು ಹಾಕಿಸಿ.

ಮೂಲ ಹುಡುಕುವ ಬಗೆ

ಮೊದಲು ಕಣ್ಣು. ಚಾವಣಿಯ ಅಂಚಿನ ಕಾಲುವೆಯಲ್ಲಿ ಬೇವಿನ ಎಲೆ, ಧೂಳು ತುಂಬಿದೆಯೆ? ಅಂಟು ಬಿರಿದಿದೆಯೆ, ಒಂದು ಬದಿ ಬಿಟ್ಟುಕೊಂಡಿದೆಯೆ? ಗಾಳಿಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಪುಡಿಪುಡಿಯಾಗುತ್ತಿದೆಯೆ? ಹಾಗಿದ್ದರೆ ಏಪ್ರಿಲ್-ಮೇ ತಿಂಗಳ ಒಂದು ಆಲಿಕಲ್ಲು ಮಳೆ ಸಾಕು, ಮುಚ್ಚಳ ಒಡೆಯುತ್ತದೆ. ಫೈಬರ್ ಚಾವಣಿಯಾದರೆ ಮೇಲಿನ ಹೊಳಪು ಹೋಗಿ ನಾರು ಕಾಣುತ್ತಿದೆಯೇ ನೋಡಿ.

ಅನಂತರ ಕೈ. ಬಿಸಿಲಿನ ದಿನ ಸೂರ್ಯ ಮುಳುಗಿದ ಒಂದು ಗಂಟೆಯ ಮೇಲೆ ಒಳಪದರವನ್ನು ಅಂಗೈಯಿಂದ ಮುಟ್ಟುತ್ತ ಹೋಗಿ. ನೀರಿಗೆ ಶಾಖವನ್ನು ಹಿಡಿದಿಡುವ ಸಾಮರ್ಥ್ಯ ಹೆಚ್ಚು. ಒದ್ದೆಯಾದ ಭಾಗ ಸುತ್ತಲಿಗಿಂತ ನಿಧಾನವಾಗಿ ತಣಿಯುತ್ತದೆ, ಬೆಚ್ಚಗಿರುತ್ತದೆ. ಅವಕೆಂಪು ಕ್ಯಾಮೆರಾಗಳು ಚಾವಣಿಯ ತೇವವನ್ನು ಪತ್ತೆ ಮಾಡುವುದೂ ಇದೇ ತತ್ತ್ವದ ಮೇಲೆ. ಬೆರಳಿನಿಂದ ತಟ್ಟಿದರೆ ಗಟ್ಟಿ ಪ್ಲೈವುಡ್ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.

ಕೊನೆಗೆ ನೀರು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪಿನಿಂದ ನೀರು ಬಿಡಲಿ. ಕೆಳಗಿನ ಸಂದಿನಿಂದ ಆರಂಭಿಸಿ, ಒಂದೊಂದು ಭಾಗಕ್ಕೂ ಹತ್ತು ನಿಮಿಷ ಕೊಟ್ಟು ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ಸೋರಿತೆಂದು ತಿಳಿಯದು. ವಾಹನ ತೊಳೆಯುವ ಅಧಿಕ ಒತ್ತಡದ ಯಂತ್ರವನ್ನು ಸಂದಿಗೆ ಹಿಡಿಯಬೇಡಿ. ಅದು ಒಳ್ಳೆಯ ಅಂಟನ್ನೂ ಕಿತ್ತುಹಾಕುತ್ತದೆ.

ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ವಿಧಾನವನ್ನೂ ಬಳಸಬಹುದು. ಒಂದು ಕಿಟಕಿಗೆ ಫ್ಯಾನ್ ಇಟ್ಟು ಗಾಳಿ ಒಳಕ್ಕೆ ತಳ್ಳಿ, ಉಳಿದ ಕಿಟಕಿಗಳನ್ನು ಮುಚ್ಚಿ, ಚಾವಣಿಯ ಸಂದುಗಳಿಗೆ ಸಾಬೂನಿನ ನೀರು ಸವರಿ. ಒಳಗಿನ ಗಾಳಿಗೆ ದಾರಿಯಿರುವ ಸಂದಿನಲ್ಲಿ ಗುಳ್ಳೆ ಏಳುತ್ತದೆ.

ಚಾವಣಿ ಹತ್ತುವಾಗ ಎಚ್ಚರ. 60 ಕಿಲೋಗ್ರಾಂ ತೂಕದವರು ಎರಡು ಪಾದಗಳ ಮೇಲೆ ನಿಂತಾಗ ತಗಡಿನ ಮೇಲಿನ ಒತ್ತಡ ಸುಮಾರು 20,000 ಪ್ಯಾಸ್ಕಲ್. 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಹಲಗೆ ಹಾಸಿ ಅದರ ಮೇಲೆ ಕೂತರೆ ಸುಮಾರು 1,100 ಪ್ಯಾಸ್ಕಲ್ ಅಷ್ಟೆ. ಹಲಗೆಯಿಲ್ಲದೆ ಓಡಾಡಿದರೆ ತಗಡು ತಗ್ಗಾಗಿ ನೀರು ನಿಲ್ಲುವ ಜಾಗ ನೀವೇ ಮಾಡಿಕೊಟ್ಟಂತೆ. ಏಣಿಯನ್ನು ಇನ್ನೊಬ್ಬರು ಹಿಡಿದಿರಬೇಕು. ಮೇಲೆ ವಿದ್ಯುತ್ ತಂತಿ ಹಾದುಹೋಗುವ ಜಾಗದಲ್ಲಿ ಹತ್ತಲೇಬಾರದು.

ಸಂದು ಮುಚ್ಚುವ ಕ್ರಮ

ಮಾರುಕಟ್ಟೆಯಲ್ಲಿ ಸಿಗುವ ಅಂಟುಗಳ ಗುಣ ತಿಳಿದು ಆರಿಸಿಕೊಳ್ಳಬೇಕು. ಡಾಂಬರು ಅಗ್ಗ, ಆದರೆ ಕಪ್ಪಾದ್ದರಿಂದ ಶಾಖ ಹೀರುತ್ತದೆ, ಬೇಸಿಗೆಯಲ್ಲಿ ಮೆತ್ತಗಾಗಿ ಜಾರುತ್ತದೆ, ಕ್ರಮೇಣ ಒಣಗಿ ಬಿರಿಯುತ್ತದೆ. ಸಿಲಿಕೋನ್ ಅಂಟು ಬಿಸಿಲಿನ ಅತಿನೇರಳೆ ಕಿರಣಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಅದರ ಮೇಲೆ ಬಣ್ಣವಾಗಲಿ ಇನ್ನೊಂದು ಅಂಟಾಗಲಿ ಹಿಡಿಯುವುದಿಲ್ಲ. ಹಚ್ಚುವಾಗ ವಿನೆಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುವುದರಿಂದ ಲೋಹದ ಮೇಲೆ ಬೇಡ. ಪಾಲಿಯುರಿಥೇನ್ ಅಂಟು ಲೋಹಕ್ಕೆ ಬಲವಾಗಿ ಹಿಡಿಯುತ್ತದೆ, ಹಿಗ್ಗುತ್ತದೆ, ಮೇಲೆ ಬಣ್ಣವನ್ನೂ ಹಚ್ಚಬಹುದು. ಬಿಸಿಲಿನಿಂದ ಕಾಪಾಡಲು ಬಣ್ಣ ಹಚ್ಚುವುದೇ ಒಳ್ಳೆಯದು. ಗಾಳಿಕಿಂಡಿ ಮತ್ತು ಕ್ಯಾರಿಯರ್ ಕಾಲಿನ ಅಡಿಗೆ ಬ್ಯುಟೈಲ್ ಪಟ್ಟಿ ಸೂಕ್ತ. ಅದು ವರ್ಷಗಟ್ಟಲೆ ಒಣಗದೆ ಅಂಟಂಟಾಗಿಯೇ ಇರುತ್ತದೆ.

ಅಂಟಿನ ಪದರ ಎಷ್ಟು ಅಗಲವಿರಬೇಕು? ಒಳ್ಳೆಯ ಹಲವು ಅಂಟುಗಳು ತಮ್ಮ ಅಗಲದ ಶೇಕಡ 25ರಷ್ಟು ಹಿಗ್ಗುವುದನ್ನೂ ಕುಗ್ಗುವುದನ್ನೂ ತಾಳುತ್ತವೆ. ಸಂದು 1 ಮಿ.ಮೀ. ಅಗಲವಿದ್ದು ತಗಡು 1 ಮಿ.ಮೀ. ಸರಿದರೆ ಅಂಟು ಶೇಕಡ 100ರಷ್ಟು ಹಿಗ್ಗಬೇಕಾಗಿ ಹರಿದುಹೋಗುತ್ತದೆ. ಸಂದು 8 ಮಿ.ಮೀ. ಇದ್ದರೆ ಅದೇ ಸರಿತಕ್ಕೆ ಶೇಕಡ 12.5 ಹಿಗ್ಗಿದರೆ ಸಾಕು. ತೆಳ್ಳಗೆ ಸವರಿದ ಅಂಟು ಏಕೆ ಬಾಳುವುದಿಲ್ಲ ಎಂಬುದಕ್ಕೆ ಇದೇ ಉತ್ತರ. ಸಂದನ್ನು ಅಗಲ ಮಾಡಲಾಗದಿದ್ದರೆ ಅದರ ಮೇಲೆ ಕನಿಷ್ಠ 5 ಸೆಂ.ಮೀ. ಅಗಲದ ಬ್ಯುಟೈಲ್ ಪಟ್ಟಿ ಹೊದಿಸಿ.

ಕ್ರಮ ಹೀಗಿರಲಿ. ಹಳೆಯ ಅಂಟನ್ನು ಬಿದಿರಿನ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಪೂರ್ತಿ ಕೆರೆದು ತೆಗೆಯಿರಿ. ತುಕ್ಕನ್ನು ಉಜ್ಜಿ ಪ್ರೈಮರ್ ಹಚ್ಚಿ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ ಬೇಡ, ಅದರ ಜಿಡ್ಡು ಅಂಟನ್ನು ಹಿಡಿಯಗೊಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಅಂಟು ಹಾಕಿ, ಅದು ಗಟ್ಟಿಯಾಗುವವರೆಗೆ ವಾಹನ ಓಡಿಸಬೇಡಿ.

ಯಾವ ಹೊತ್ತಿನಲ್ಲಿ ಹಚ್ಚಬೇಕೆಂಬುದೂ ಮುಖ್ಯ. ನಡುಮಧ್ಯಾಹ್ನ ತಗಡು ಪೂರ್ತಿ ಹಿಗ್ಗಿ ಸಂದು ಅತ್ಯಂತ ಕಿರಿದಾಗಿರುತ್ತದೆ. ಆಗ ಹಚ್ಚಿದ ಅಂಟು ಆಮೇಲೆ ಯಾವಾಗಲೂ ಎಳೆತದಲ್ಲೇ ಇರಬೇಕಾಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ತಗಡಿನ ಉಷ್ಣತೆ ನಡುಮಟ್ಟದಲ್ಲಿರುವಾಗ ಹಚ್ಚಿದರೆ ಅರ್ಧ ಹಿಗ್ಗು, ಅರ್ಧ ಕುಗ್ಗು. ಎರಡನ್ನೂ ಅದು ತಾಳುತ್ತದೆ.

ಬಿಳಿ ಬಣ್ಣದ ಲಾಭ

ಚಾವಣಿ ತಣ್ಣಗಿದ್ದಷ್ಟೂ ಸಂದಿನ ಎಳೆದಾಟ ಕಡಿಮೆ. ಮೇಲಿನ ಲೆಕ್ಕದಂತೆ 87 ಡಿಗ್ರಿಯ ಬದಲು 54 ಡಿಗ್ರಿಗೆ ನಿಂತರೆ 25 ಡಿಗ್ರಿಯಿಂದ ಏರಿಕೆ 62ರ ಬದಲು 29 ಡಿಗ್ರಿ. ಹಿಗ್ಗುವಿಕೆ ಅರ್ಧಕ್ಕಿಂತ ಕಡಿಮೆ! ಒಳಗಿರುವವರಿಗೂ ನೆಮ್ಮದಿ. ನಮ್ಮ ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ಕಟ್ಟಡಗಳಿಗಾಗಿ ತಂಪು ಚಾವಣಿ ನೀತಿಯನ್ನೇ ತಂದಿತು. ಅದರ ತತ್ತ್ವವೂ ಇದೇ.

ಮನೆಯ ಮಾಳಿಗೆಗೆ ಸುಣ್ಣ ಬಳಿಯುವುದು ಅಗ್ಗದ, ಒಳ್ಳೆಯ ಉಪಾಯ. ಆದರೆ ವಾಹನಕ್ಕೆ ಸುಣ್ಣ ಬೇಡ. ಅದು ಅದುರಿಕೆಗೆ ಉದುರುತ್ತದೆ. ಮಿಗಿಲಾಗಿ ಸುಣ್ಣ ಕ್ಷಾರ, ಅಲ್ಯುಮಿನಿಯಮ್ಮನ್ನೂ ಸತುವಿನ ಲೇಪವನ್ನೂ ತಿನ್ನುತ್ತದೆ. ಲೋಹಕ್ಕೆಂದೇ ತಯಾರಾದ, ಹಿಗ್ಗುವ ಗುಣವಿರುವ ಬಿಳಿ ಲೇಪವನ್ನು ಬಳಸಿ. ಬಣ್ಣ ಬದಲಾಯಿಸುವ ಅಥವಾ ಕ್ಯಾರಿಯರ್ ಹಾಕಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ವರ್ಷದ ಕ್ಯಾಲೆಂಡರ್

ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಚಾವಣಿಯ ದುರಸ್ತಿಗೆ ಸೂಕ್ತ. ಮಳೆಯ ಭಯವಿರುವುದಿಲ್ಲ, ಬೆಳಗಿನ ಹೊತ್ತು ಅತಿ ಬಿಸಿಯೂ ಇರುವುದಿಲ್ಲ. ಮೇ ತಿಂಗಳ ಕೊನೆಗೆ, ಮೃಗಶಿರಾ ಮಳೆ, ನಮ್ಮ ರೈತರು ಹೇಳುವ ಮಿರಗ, ಕೂಡುವ ಮೊದಲು ಇನ್ನೊಮ್ಮೆ ನೀರಿನ ಪರೀಕ್ಷೆ ಮಾಡಿ; ಬೇಸಿಗೆಯ ಹಿಗ್ಗು ಕುಗ್ಗನ್ನು ಅಂಟು ತಾಳಿದೆಯೇ ಎಂಬುದು ಆಗ ತಿಳಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಂಚಿನ ಕಾಲುವೆಯ ಕಸ ತೆಗೆಯಿರಿ. 10 ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 500 ಲೀಟರ್ ನೀರು. ಅಷ್ಟಕ್ಕೂ ಹೊರಹೋಗಲು ದಾರಿಯಿರಬೇಕು. ಮಳೆಗಾಲ ಮುಗಿದ ಮೇಲೆ ಒಳಪದರವನ್ನು ಒಂದು ಕಡೆಯಾದರೂ ಬಿಚ್ಚಿ ಚೌಕಟ್ಟು ಮತ್ತು ತಂತಿಗಳನ್ನು ನೋಡಿ. ಒದ್ದೆಯಾದ ತಂತಿಯ ಸುತ್ತಲೂ ಹಸಿರು ಪುಡಿ ಕಂಡರೆ ಅದು ತಾಮ್ರದ ಸವೆತ. ಅಂಥ ತಂತಿ ಕಾದು ಬೆಂಕಿಗೆ ಕಾರಣವಾಗಬಹುದು, ತಡಮಾಡದೆ ಬದಲಾಯಿಸಿ.

ಇಷ್ಟಕ್ಕೆ ಬೇಕಾಗುವುದು ವರ್ಷದಲ್ಲಿ ನಾಲ್ಕಾರು ಬೆಳಗುಗಳು, ಒಂದು ಏಣಿ, ಒಂದು ಹಲಗೆ, ಒಂದೆರಡು ಟ್ಯೂಬು ಅಂಟು. ಚೌಕಟ್ಟು ಕೊಳೆತ ಮೇಲೆ ಹೊಸ ಚಾವಣಿ ಕಟ್ಟಿಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಮುಂದಿನ ಯಾತ್ರೆಗೆ ಹೊರಡುವ ಮೊದಲು ಟಯರಿನ ಗಾಳಿ ನೋಡುವಾಗ ಏಣಿ ಇಟ್ಟು ಮೇಲೆಯೂ ಒಮ್ಮೆ ಹತ್ತಿ ಸಂದುಗಳನ್ನು ನೋಡಿ ಬನ್ನಿ.